ಗೇಟಿಗೆ ಕಟ್ಟಿದ ಬೇವಿನ ಸೊಪ್ಪು

ಮುದ್ದಮ್ಮನ ಮನೆಗೆ ಒಂದು ಮುಂಬಾಗಿಲು ಇದೆ ಎನ್ನುವುದು ಊರಿನ ಎಷ್ಟೋ ಜನಕ್ಕೆ ಮರೆತೇ ಹೋಗಿತ್ತು. ಕೊಟ್ಟಿಗೆಹಾರದಿಂದ ಬಾಳೂರಿನ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ, ಕಾಫಿ ತೋಟದ ಅಂಚಿಗಿದ್ದ ಆ ಮನೆಗೆ ಬರುವವರೆಲ್ಲ ಹಿತ್ತಲ ಕಡೆಯಿಂದ ಸೀದಾ ಅಡುಗೆಮನೆಗೇ ಬರುತ್ತಿದ್ದರು. “ಮುದ್ದಕ್ಕಾ, ಕಾಫಿ ಇದೆಯನಾ?” ಎಂದು ಕೇಳುವ ಹೊತ್ತಿಗೆ ಅವರ ಒಂದು ಕಾಲು ಒಳಗೇ ಇರುತ್ತಿತ್ತು. ಗಂಡ ಸೋಮಶೇಖರಪ್ಪ ಬದುಕಿದ್ದಾಗ “ಇದು ಮನೆಯೋ ಬಸ್‌ಸ್ಟ್ಯಾಂಡೋ” ಎಂದು ಗೊಣಗುತ್ತಿದ್ದರು, ಗೊಣಗಿದ ಮೇಲೆ ತಾವೇ ಬಂದವರ ಪಕ್ಕ ಕೂತು ಇನ್ನೊಂದು ಲೋಟ ಕುಡಿಯುತ್ತಿದ್ದರು. ಅವರು ತೀರಿಕೊಂಡಾಗ ಮುದ್ದಮ್ಮನನ್ನು ಒಂದು ದಿನವೂ ಒಂಟಿ ಬಿಡದೆ ನೋಡಿಕೊಂಡವರು ಹೀಗೆ ಕರೆಯದೆ ಬರುವ ಜನವೇ. ಹಾಗಾಗಿ ಬಂದವರಿಗೆ ಬರಬೇಡಿ ಎನ್ನುವ ಮಾತು ಅವಳ ಬಾಯಲ್ಲಿ ಹುಟ್ಟುವುದೇ ಇಲ್ಲ.

ಅಂಥ ಮನೆಗೆ ಸೊಸೆಯಾಗಿ ಬಂದವಳು ಲೀನಾ. ಹೆಸರು ಕೇಳಿ ಊರಿನವರಿಗೆ ಸಮಾಧಾನವಾಗಿತ್ತು, ನಮ್ಮದೇ ಹೆಸರಲ್ಲವೇ ಎಂದು. ಆದರೆ ಹುಡುಗಿ ಫಿನ್‌ಲೆಂಡಿನವಳು. ಅಲ್ಲಿಯ ಕಾಫಿ ಕಂಪನಿಯ ಪರವಾಗಿ ಈ ಕಡೆಯ ತೋಟಗಳ ಕಾಫಿಯ ರುಚಿ ನೋಡಲು ಬಂದಿದ್ದಳು. ಕಾಫಿ ತೋರಿಸಿದ ಮುದ್ದಮ್ಮನ ಮಗ ಶಶಿಕಿರಣನನ್ನೂ ಮೆಚ್ಚಿದಳು. ಮದುವೆಯಾಯಿತು, ಇಲ್ಲೇ ಉಳಿದಳು. ಚಪಾತಿ ಲಟ್ಟಿಸಲು ಕಲಿತಳು, ಕನ್ನಡವನ್ನೂ ಕಲಿತಳು, ಜಿಗಣೆಗೂ ಹೆದರಲಿಲ್ಲ. ಅವಳು ಹೆದರಿದ್ದು ಬಾಗಿಲು ತಟ್ಟದೆ ಬರುವ ಮನುಷ್ಯರಿಗೆ ಮಾತ್ರ. ಸ್ನಾನ ಮುಗಿಸಿ ಬಂದರೆ ಮಂಚದ ಮೇಲೆ ಯಾರೋ ಕೂತು ಅವಳ ಸೋಪಿನ ವಾಸನೆ ನೋಡುತ್ತಿದ್ದರು. ಹಗಲು ಹೊತ್ತಲ್ಲಿ ಕೋಣೆಗೆ ಚಿಲಕ ಹಾಕಿಕೊಂಡರೆ, ಹುಷಾರಿಲ್ಲವೇನೋ ಎಂದು ಇನ್ನಷ್ಟು ಜನ ಸೇರಿಕೊಂಡು ಬಾಗಿಲು ಬಡಿಯುತ್ತಿದ್ದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ತಿಂಗಳು ನಿಂತಿತೇ ಎಂದು ಕೇಳದವರೇ ಇಲ್ಲ.

“ಅತ್ತೆ, ನಮ್ಮಲ್ಲಿ ನನ್ನ ಸ್ವಂತ ಅಕ್ಕ ಕೂಡ ಫೋನ್ ಮಾಡಿ ಬರುತ್ತಾಳೆ” ಎಂದಿದ್ದಳು ಒಮ್ಮೆ.

ಮುದ್ದಮ್ಮನಿಗೆ ಕೇಳಿ ಪಾಪ ಅನ್ನಿಸಿತು. ತನ್ನ ಅಕ್ಕ ಕಲ್ಲಮ್ಮ ಹಾಗೆ ಫೋನ್ ಮಾಡಿ ‘ಬರಲೇ’ ಎಂದು ಕೇಳಿದರೆ ತಾನು ಆ ದಿನವೇ ಸತ್ತಂತೆ ಎಂದುಕೊಂಡಳು. ತಾಯಿ ಹೋದ ಮೇಲೆ ಮುದ್ದಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಕಲ್ಲಮ್ಮ. ಈಗ ಕಡೂರಿನ ಕಡೆ ಮಗಳ ಮನೆಯಲ್ಲಿದ್ದಾಳೆ. ಮಳೆ ಹೆಚ್ಚಿರುವ ನಮ್ಮ ಕಡೆ ಬೇವಿನ ಮರ ಸರಿಯಾಗಿ ಬೆಳೆಯುವುದಿಲ್ಲ ಎಂದು ಪ್ರತಿ ಯುಗಾದಿಗೂ ತನ್ನ ಹಿತ್ತಲ ಬೇವಿನ ಸೊಪ್ಪನ್ನು ಹೊರೆ ಕಟ್ಟಿ ಬಸ್ಸಿಗೆ ಹಾಕಿ ಕಳಿಸುತ್ತಾಳೆ.

ಈ ವರ್ಷದ ಆರಂಭದಲ್ಲಿ ಲೀನಾಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು ಮಗು. ಅಂಗೈಯಲ್ಲಿ ಮಲಗಿಸಬಹುದು ಅಷ್ಟು ಪುಟ್ಟದು. ಮಂಗಳೂರಿನ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ವಾರಗಟ್ಟಲೆ ಇತ್ತು. ಮನೆಗೆ ಕಳಿಸುವಾಗ ಡಾಕ್ಟರು ಮುದ್ದಮ್ಮನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು: “ಇದರ ಶ್ವಾಸಕೋಶ ಇನ್ನೂ ಬಲಿತಿಲ್ಲ ಅಜ್ಜಿ. ಇನ್ನು ಮೂರು ತಿಂಗಳು ಜನ ಬೇಡ. ಒಬ್ಬರ ಕೆಮ್ಮು ತಾಗಿದರೂ ಉಳಿಸಿಕೊಳ್ಳೋದು ಕಷ್ಟ.” ಮುದ್ದಮ್ಮ ತಲೆಯಾಡಿಸಿದಳು. ತಲೆಯಾಡಿಸುವುದು ಸುಲಭ.

ಮಗು ಮನೆಗೆ ಬಂದ ಮರುದಿನವೇ ಜನ ಬಂದರು. ಬಾರದಿರುತ್ತಾರೆಯೇ? ಮಗು ನೋಡಲು ಬಾರದಿದ್ದರೆ ಅವರೇನು ನೆಂಟರು, ಇವರೇನು ಊರಿನವರು. ಕೈಯಲ್ಲಿ ಬಿಸ್ಕತ್ತು, ಬಾಯಲ್ಲಿ ಸಲಹೆ. ಎಣ್ಣೆ ತಿಕ್ಕಿ, ಹೊಗೆ ಹಾಕಿ, ಬಜೆ ತೇಯ್ದು ನೆಕ್ಕಿಸಿ. ಶಶಿಕಿರಣ ಗೇಟಿಗೆ ಬೋರ್ಡು ಹಾಕಿದ: ‘ಒಳಗೆ ಪ್ರವೇಶವಿಲ್ಲ’. ಎಲ್ಲರೂ ಅದನ್ನು ಓದಿದರು, ಒಳ್ಳೆಯದಾಯಿತು ಎಂದರು, ಓದಿಕೊಂಡೇ ಒಳಗೆ ಬಂದರು. ದೇವರಮನೆ ಗುಡ್ಡ ನೋಡಲು ಹೋಗುವ ಟೂರಿಸ್ಟರು ಸಿಕ್ಕ ಸಿಕ್ಕ ಗೇಟಿಗೆ ನುಗ್ಗುತ್ತಾರಲ್ಲ, ಅವರಿಗೆ ಹಾಕಿದ್ದು ಎಂದೇ ತಿಳಿದರು. ತಮಗೂ ಬೋರ್ಡು ಇರಬಹುದು ಎನ್ನುವುದು ಯಾರ ತಲೆಗೂ ಹೋಗಲಿಲ್ಲ.

ಕೊನೆಗೆ ಬಸಮ್ಮ ಬಂದಳು. ದೂರದ ನೆಂಟರವಳು, ಬಾಯಿಗಿಂತ ಮೂಗು ಜೋರು, ನೆಗಡಿಯಿಂದ ಸೊರಸೊರ ಎನ್ನುತ್ತಿತ್ತು. ಮುದ್ದಮ್ಮ ಕಾಫಿಗೆ ಹಾಲು ಇಡಲು ತಿರುಗಿದ್ದಷ್ಟೇ, ಬಸಮ್ಮ ಕೋಣೆಗೆ ಹೋಗಿ ಮಗುವನ್ನು ಎತ್ತಿ ಕೆನ್ನೆಗೆ ಕೆನ್ನೆ ಒತ್ತಿದ್ದಳು. ಲೀನಾ ಅವಳ ಕೈಯಿಂದ ಮಗುವನ್ನು ಕಿತ್ತುಕೊಂಡಳು, ಬಸಮ್ಮನನ್ನು ಭುಜ ಹಿಡಿದು ಹೊರಗೆ ನಿಲ್ಲಿಸಿ ಚಿಲಕ ಹಾಕಿದಳು. ಬಸಮ್ಮ ಕಾಫಿ ಕುಡಿಯದೆ ಹೊರಟುಹೋದಳು. ಮುದ್ದಮ್ಮನ ಮನೆಯಿಂದ ಯಾರಾದರೂ ಕಾಫಿ ಕುಡಿಯದೆ ಹೋದದ್ದು ಅದೇ ಮೊದಲು.

ಆ ಸಂಜೆ ಲೀನಾ ಅಡುಗೆಮನೆಗೆ ಬಂದು ನಿಂತಳು. ಕಣ್ಣು ಕೆಂಪಾಗಿತ್ತು. “ಅತ್ತೆ, ನಾನು ಹೇಳಿದರೆ ಇವರು ಕೇಳುವುದಿಲ್ಲ. ನೀವು ಹೇಳಬೇಕು. ನೀವು ಹೇಳದಿದ್ದರೆ ಈ ಮಗು ಉಳಿಯುವುದಿಲ್ಲ.”

ಮುದ್ದಮ್ಮ ರಾತ್ರಿಯೆಲ್ಲ ಮಗುವಿನ ಉಸಿರು ಕೇಳುತ್ತಾ ಮಲಗಿದ್ದಳು. ಬರಬೇಡಿ ಎಂದು ಹೇಳಲು ಹತ್ತು ಸಲ ಮನಸ್ಸಿನಲ್ಲೇ ಅಭ್ಯಾಸ ಮಾಡಿದಳು. ಒಂದು ಸಲವೂ ಬಾಯಿಗೆ ಬರಲಿಲ್ಲ. ಬೆಳಿಗ್ಗೆ ಎದ್ದವಳ ಕಣ್ಣಿಗೆ ಬಿದ್ದದ್ದು ಮೂಲೆಯಲ್ಲಿದ್ದ ಬೇವಿನ ಸೊಪ್ಪು. ಯುಗಾದಿಗೆ ಕಲ್ಲಮ್ಮ ಕಳಿಸಿದ್ದು, ಹಬ್ಬಕ್ಕೆ ಬಳಸಿ ಉಳಿದದ್ದು.

ಸೀತಾಳೆ ಸಿಡುಬಿಗೆ ನಮ್ಮ ಕಡೆ ಕಾಯಿಲೆ ಎನ್ನುವುದಿಲ್ಲ, ಮನೆಗೆ ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಅದನ್ನು ನೋಡಿದ ಮೇಲೆ ಹೊರಗಿನವರು ಹೊಸಿಲು ದಾಟುವುದಿಲ್ಲ, ದಾಟಿದರೆ ಅಮ್ಮ ಮುನಿದು ಮಲಗಿದವರಿಗೆ ಕಷ್ಟ ಹೆಚ್ಚು ಮಾಡುತ್ತಾಳೆ ಎಂಬ ನಂಬಿಕೆ. ಯಾರಿಗೂ ಬರಬೇಡಿ ಎನ್ನಬೇಕಾಗಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ಮುದ್ದಮ್ಮ ದೇವರ ಗೂಡಿನ ಮುಂದೆ ಕೈಮುಗಿದು ತಪ್ಪಾಯಿತು ಎಂದಳು. ಆಮೇಲೆ ಹೋಗಿ ಸೊಪ್ಪನ್ನು ಗೇಟಿಗೆ ಕಟ್ಟಿದಳು.

“ಇದೇನು?” ಎಂದು ಕೇಳಿದಳು ಲೀನಾ.

“ಇದು ನಮ್ಮ ಕಡೆ ಬೋರ್ಡು ಕಣವ್ವಾ” ಎಂದಳು ಮುದ್ದಮ್ಮ.

ಲೀನಾಗೆ ಬಹಳ ಇಷ್ಟವಾಯಿತು. ಇಷ್ಟು ಸುಂದರವಾದ ಬೋರ್ಡು ನಮ್ಮ ದೇಶದಲ್ಲೂ ಇಲ್ಲ ಎಂದು ಫೋಟೋ ಹೊಡೆದಳು. ಶಶಿಕಿರಣ ಮಾತ್ರ ಸೊಪ್ಪನ್ನೂ ತಾಯಿಯ ಮುಖವನ್ನೂ ಒಮ್ಮೆ ನೋಡಿ, ತೋಟಕ್ಕೆ ಇಳಿದುಹೋದ.

ಸೊಪ್ಪು ಕೆಲಸ ಮಾಡಿತು. ಹಿತ್ತಲ ದಾರಿಯಲ್ಲಿ ಹೆಜ್ಜೆ ಸಪ್ಪಳವೇ ನಿಂತುಹೋಯಿತು. ಎದುರು ಮನೆಯ ರೇಣುಕಪ್ರಸಾದ, ಜೀಪು ಓಡಿಸುವ ಹುಡುಗ, ಹೆಂಡತಿ ರಜನಿಯನ್ನು ಒಳಗೇ ಇರಿಸಿ, ರಸ್ತೆಯ ಆಚೆ ನಿಂತು ಕೂಗಿ ಕೇಳಿದ, “ದೊಡ್ಡಮ್ಮಾ, ಯಾರಿಗೆ ಅಮ್ಮ ಬಂದಿರೋದು?”

ಈ ಪ್ರಶ್ನೆ ಬರುತ್ತದೆಂದು ಮುದ್ದಮ್ಮ ಯೋಚಿಸಿಯೇ ಇರಲಿಲ್ಲ. ಮಗುವಿನ ಹೆಸರು ಹೇಳಲು ನಾಲಿಗೆ ಬರಲಿಲ್ಲ. ತನಗೆ ಎಂದರೆ ನಾಳೆಯಿಂದ ಹೊರಗೆ ಕಾಣಿಸಿಕೊಳ್ಳುವಂತಿಲ್ಲ. “ಲೀನಾಗೆ” ಎಂದುಬಿಟ್ಟಳು.

ಊರಿನವರು ಬರುವುದು ನಿಂತಿತು, ಆದರೆ ಅವರ ಕೈ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಗೇಟಿನ ಬುಡದಲ್ಲಿ ಏನಾದರೂ ಇರುತ್ತಿತ್ತು. ತಂಪಿಗೆ ಎಳನೀರು, ಮೊಸರು. ಒಂದು ದಿನ ಪಾತ್ರೆಯ ಗುರುತು ನೋಡಿದರೆ, ಕಾಫಿ ಕುಡಿಯದೆ ಹೋದ ಬಸಮ್ಮನದು, ಒಳಗೆ ಮಜ್ಜಿಗೆ. ಮುದ್ದಮ್ಮ ಆ ಪಾತ್ರೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಬಸ್ಸು ನಿಂತ ಸದ್ದಾಯಿತು. ಮುದ್ದಮ್ಮ ಕಿಟಕಿಯಿಂದ ನೋಡಿದಳು. ಕಲ್ಲಮ್ಮ ಇಳಿದಳು. ಕೈಯಲ್ಲಿ ಚೀಲ, ಅದರಿಂದ ಹಳೇ ಸೀರೆಯ ಕೌದಿಯ ಅಂಚು ಹೊರಗೆ ಇಣುಕುತ್ತಿತ್ತು, ಮಗುವಿಗೆ ತಾನೇ ಹೊಲಿದದ್ದು. ಎಂದಿನಂತೆ ಹಿತ್ತಲ ದಾರಿಗೆ ತಿರುಗುವವಳು ಗೇಟಿನ ಸೊಪ್ಪು ಕಂಡು ಗಕ್ಕನೆ ನಿಂತಳು. ಅಲ್ಲೇ ಕೆಮ್ಮು ಬಂತು. ವರ್ಷಗಳಿಂದ ಅವಳನ್ನು ಬಿಡದ ಆ ಗೂರಲು ಕೆಮ್ಮು ಒಳಗಿನವರೆಗೂ ಕೇಳಿಸಿತು. ಕೋಣೆಯಲ್ಲಿ ಲೀನಾ ಮಗುವನ್ನು ಎದೆಗೆ ಅವಚಿಕೊಂಡು ಮುದ್ದಮ್ಮನ ಕಡೆ ನೋಡಿದಳು.

ಓಡಿ ಹೋಗಿ ಅಕ್ಕನ ಕೈ ಹಿಡಿಯಬೇಕು ಎಂದು ಮುದ್ದಮ್ಮನ ಕಾಲು ತುಡಿಯುತ್ತಿತ್ತು. ಹೋದರೆ ನಿಜ ಹೇಳಬೇಕು, ನಿಜ ಹೇಳಿದರೆ ಅಕ್ಕ ಒಳಗೆ ಬರುತ್ತಾಳೆ, ಬಂದರೆ ಮಗುವನ್ನು ತೊಡೆಯ ಮೇಲೆ ಹಾಕಿಕೊಳ್ಳದೆ ಇರುವವಳಲ್ಲ. ಮುದ್ದಮ್ಮ ಕಿಟಕಿಯ ಸರಳು ಹಿಡಿದುಕೊಂಡು ಅಲ್ಲೇ ನಿಂತಳು. ಕಲ್ಲಮ್ಮ ಮನೆಯತ್ತ ಒಮ್ಮೆ ನೋಡಿದಳು, ಸೊಪ್ಪಿಗೆ ಕೈಮುಗಿದಳು, ಚೀಲವನ್ನು ಗೇಟಿನ ಒಳಗೆ ಇಟ್ಟಳು. ಆಮೇಲೆ ಬಿಸಿಲಲ್ಲಿ ಮೋರಿಯ ಕಟ್ಟೆಯ ಮೇಲೆ ಕೂತು, ವಾಪಸು ಹೋಗುವ ಬಸ್ಸು ಬರುವವರೆಗೂ ಕಾದಳು. ಒಂದು ಲೋಟ ನೀರು ಕೊಡುವವರಿರಲಿಲ್ಲ.

ಅಕ್ಕನನ್ನು ಹಾಗೆ ಕಳಿಸಿದ ಮೇಲಾದರೂ ಎಲ್ಲ ಸರಿಹೋಗಬೇಕಿತ್ತು. ಹೋಗಲಿಲ್ಲ.

ಮುಂದಿನ ವಾರ ಶಶಿಕಿರಣ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳನ್ನು ಪಿಕಪ್ಪಿಗೆ ಹಾಕಿಕೊಂಡು ಕಾಫಿಯ ಸಿಪ್ಪೆ ಸುಲಿದು ಹಸನು ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ ಹೋಗಿದ್ದ. ಬೆಳಗಿನ ತಿಂಡಿಯ ಹೊತ್ತು. ಹಾಲು ಕುಡಿಯುತ್ತಿದ್ದ ಮಗು ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಕೆಮ್ಮುವುದೂ ನಿಂತಿತು. ಲೀನಾ ಅದನ್ನು ಬೋರಲು ಹಾಕಿ ಬೆನ್ನು ತಟ್ಟಿದಳು, ಆಸ್ಪತ್ರೆಯಲ್ಲಿ ಕಲಿಸಿದಂತೆ. ಉಸಿರು ಬಂತು, ಆದರೆ ಬಂದದ್ದು ಗೊರಗೊರ ಎನ್ನುವ ಉಸಿರು. ಒಂದೊಂದು ಉಸಿರಿಗೂ ಎದೆಗೂಡು ಒಳಕ್ಕೆ ಹೋಗುತ್ತಿತ್ತು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು.

“ಅತ್ತೆ, ಗಾಡಿ!” ಎಂದಳು ಲೀನಾ.

ಮನೆಯೊಳಗೆ ಫೋನಿಗೆ ಸಿಗ್ನಲ್ ಇರುವುದಿಲ್ಲ, ಇದ್ದರೂ ಮೂಡಿಗೆರೆಯಿಂದ ಆಂಬುಲೆನ್ಸ್ ಬರುವಷ್ಟು ಹೊತ್ತು ಆ ಉಸಿರಿಗೆ ಇರಲಿಲ್ಲ. ಎದುರಿಗೇ ರೇಣುಕಪ್ರಸಾದನ ಜೀಪು ನಿಂತಿತ್ತು. ಮುದ್ದಮ್ಮ ಚಪ್ಪಲಿಯಿಲ್ಲದೆ ಓಡಿದಳು. ಅಂಗಳದಲ್ಲಿ ಜೀಪು ಒರೆಸುತ್ತಿದ್ದವನು ಅವಳನ್ನು ಕಂಡು ಹಿಂದಕ್ಕೆ ಸರಿದ.

“ದೊಡ್ಡಮ್ಮಾ, ಅಲ್ಲೇ ನಿಲ್ಲಿ. ದಮ್ಮಯ್ಯ, ಹತ್ರ ಬರಬೇಡಿ. ರಜನಿ ಬಸುರಿ ಅನ್ನೋದು ಗೊತ್ತಲ್ಲ ನಿಮಗೆ. ಡಾಕ್ಟ್ರು ಹೇಳಿದಾರೆ, ಸಿಡುಬು ತಾಗಿದ್ರೆ ಒಳಗಿನ ಮಗೂಗೆ ತೊಂದ್ರೆ ಅಂತ.”

“ಮಗು ಉಸಿರಾಡ್ತಿಲ್ಲ ಕಣೋ ರೇಣೂ. ಜೀಪು ತೆಗಿ.”

ಅವನ ಮುಖ ಬಿಳುಚಿಕೊಂಡಿತು. “ಮಗೂಗೂ ಬಂತನಾ ಅಮ್ಮ?”

“ಯಾರಿಗೂ ಬಂದಿಲ್ಲ. ಲೀನಾಗೂ ಬಂದಿಲ್ಲ. ಜನ ಬರೋದು ಬೇಡ ಅಂತ ನಾನೇ ಕಟ್ಟಿದ್ದು ಸೊಪ್ಪು. ಸುಳ್ಳು ಹೇಳಿದೆ.”

ರೇಣುಕಪ್ರಸಾದ ಅವಳನ್ನೇ ನೋಡಿದ. ಸಣ್ಣ ಹುಡುಗನಾಗಿದ್ದಾಗಿನಿಂದ ಅವಳ ಅಡುಗೆಮನೆಯಲ್ಲಿ ತಿಂದು ಬೆಳೆದವನು. ಅವನ ಕಣ್ಣಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು.

“ಅಮ್ಮನ ವಿಷಯದಲ್ಲಿ ಯಾರಾದ್ರೂ ಸುಳ್ಳು ಹೇಳ್ತಾರನಾ ದೊಡ್ಡಮ್ಮಾ? ಅದೂ ನೀವು? ನಿಮ್ಮ ಕಷ್ಟ ನಂಗೆ ಅರ್ಥ ಆಗತ್ತೆ, ಜೀಪು ಬೇಕು ಅಂತ ಈಗ ಹೀಗೆ ಹೇಳ್ತಿದೀರಿ. ಬಾಳೂರಿಂದ ಬೇರೆ ಜೀಪು ಕರೆಸ್ತೀನಿ, ಈಗ್ಲೇ ಫೋನ್ ಮಾಡ್ತೀನಿ.”

“ಅಷ್ಟು ಹೊತ್ತಿಲ್ಲ ಕಣೋ! ನಿನ್ನ ಕಾಲಿಗೆ ಬೀಳ್ತೀನಿ, ಅಮ್ಮ ಬಂದಿಲ್ಲ ಕಣೋ!”

ಅವಳು ಒಂದು ಹೆಜ್ಜೆ ಮುಂದಿಟ್ಟರೆ ಅವನು ಎರಡು ಹೆಜ್ಜೆ ಹಿಂದಕ್ಕೆ ಹೋದ. ಹಿಂದಕ್ಕೆ ಹೋಗುತ್ತಾ ತನ್ನ ಮನೆಯ ಮುಂಬಾಗಿಲನ್ನೂ ಎಳೆದು ಮುಚ್ಚಿದ. ಇಷ್ಟು ವರ್ಷದಲ್ಲಿ ಅವಳ ಮುಖಕ್ಕೆ ಯಾರೂ ಬಾಗಿಲು ಮುಚ್ಚಿರಲಿಲ್ಲ. ಮುಚ್ಚುವುದನ್ನು ಕಲಿಸಿದವಳು ತಾನೇ ಎಂದು ಅವಳಿಗೆ ಗೊತ್ತಿತ್ತು.

ಆಗ ರಸ್ತೆ ದಾಟಿ ಲೀನಾ ಬಂದಳು. ಕಲ್ಲಮ್ಮನ ಕೌದಿಯಲ್ಲಿ ಸುತ್ತಿದ ಮಗು ಎದೆಯ ಮೇಲಿತ್ತು. ಸಿಡುಬು, ಸೊಪ್ಪು, ತನ್ನ ಹೆಸರು ಎಲ್ಲ ಅವಳ ಕಿವಿಗೆ ಬಿದ್ದಿತ್ತು, ಮುಚ್ಚಿದ ಬಾಗಿಲು ನೋಡಿ ಒಂದು ಕ್ಷಣ ನಿಂತಳು. ಈ ಎರಡು ವರ್ಷದಲ್ಲಿ ಅವಳು ಫೋನ್ ಮಾಡದೆ, ಬಾಗಿಲು ತಟ್ಟದೆ ಯಾರ ಮನೆಗೂ ಕಾಲಿಟ್ಟವಳಲ್ಲ. ರಜನಿಯ ಮನೆಗೆ ಬಂದಾಗಲೂ ತೆರೆದ ಬಾಗಿಲನ್ನೇ ತಟ್ಟಿದ್ದಕ್ಕೆ ರಜನಿ ಬಿದ್ದೂ ಬಿದ್ದೂ ನಕ್ಕಿದ್ದಳು. ಅದೇ ಲೀನಾ ಈಗ ರೇಣುಕಪ್ರಸಾದನ ಕಡೆ ನೋಡದೆ, ಮನೆಯ ಪಕ್ಕದಿಂದ ಹಿತ್ತಲಿಗೆ ಓಡಿದಳು. ತೆರೆದಿದ್ದ ಹಿಂಬಾಗಿಲಿನಿಂದ ಸೀದಾ ಅಡುಗೆಮನೆಗೆ ನುಗ್ಗಿದಳು.

ಮುದ್ದಮ್ಮ ಹಿಂದೆ ಓಡಿದಳು. ಒಳಗೆ ರಜನಿ ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು, ಒಲೆಯ ಕಟ್ಟೆಗೆ ಒರಗಿ ಚೀರುತ್ತಿದ್ದಳು. ಲೀನಾ ಅವಳಿಂದ ಎರಡು ಮಾರು ದೂರದಲ್ಲಿ, ಬಾಗಿಲಿನ ಬೆಳಕಿಗೆ ಮುಖ ಕೊಟ್ಟು ನಿಂತಿದ್ದಳು. ನೈಟಿಯ ತೋಳನ್ನು ಭುಜದವರೆಗೆ ಮಡಚಿದ್ದಳು.

“ರಜನಿ, ನನ್ನ ಮುಖ ನೋಡು. ನೋಡು. ನನಗೆ ಏನೂ ಆಗಿಲ್ಲ.”

ಸೊಳ್ಳೆ ಕಚ್ಚಿದರೂ ಕಾಣುವಂಥ ಬಿಳಿ ಚರ್ಮ ಅದು. ಒಂದು ಗುಳ್ಳೆ ಇಲ್ಲ, ಒಂದು ಕಲೆ ಇಲ್ಲ. ರಜನಿಯ ಚೀರಾಟ ನಿಂತಿತು. ಅವಳ ಕಣ್ಣು ಲೀನಾಳ ಮುಖದಿಂದ ಕೌದಿಯೊಳಗಿನ ನೀಲಿ ತುಟಿಗೆ ಇಳಿಯಿತು. ಮೊಳೆಗೆ ನೇತುಹಾಕಿದ್ದ ಜೀಪಿನ ಕೀಲಿ ಕಿತ್ತುಕೊಂಡವಳೇ ಮುಂಬಾಗಿಲು ತೆರೆದು ಗಂಡನ ಮೇಲೆ ಎಸೆದಳು.

“ಎಂತ ನೋಡ್ತಾ ನಿಂತಿದೀರಿ ಮಾರಾಯ್ರೇ, ಜೀಪು ತೆಗೀರಿ!”

ಮೂಡಿಗೆರೆಯವರೆಗೆ ರೇಣುಕಪ್ರಸಾದ ಹಾರನ್ ಮೇಲಿಂದ ಕೈ ತೆಗೆಯಲಿಲ್ಲ. ಮುದ್ದಮ್ಮ ಮಗುವಿನ ಎದೆಯನ್ನೇ ನೋಡುತ್ತಾ ಕೂತಿದ್ದಳು. ಪ್ರತಿ ತಿರುವಿನಲ್ಲೂ ಇದೇ ಕೊನೆಯ ಉಸಿರು ಅನ್ನಿಸುತ್ತಿತ್ತು, ಮತ್ತೊಂದು ಬರುತ್ತಿತ್ತು. ಆಸ್ಪತ್ರೆಯಲ್ಲಿ ಗಂಟಲಿನಿಂದ ಹಾಲು ಎಳೆದು ತೆಗೆದು ಆಮ್ಲಜನಕ ಕೊಟ್ಟರು. ಸ್ವಲ್ಪ ಹೊತ್ತಿಗೆ ತುಟಿ ತಿಳಿಯಾಯಿತು. ಇನ್ನೂ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ಹೇಳಲು ಹೊರಟರು, ಮುದ್ದಮ್ಮನ ಮುಖ ನೋಡಿ ಮಗುವಿನ ಕಡೆ ತಿರುಗಿದರು.

ಹೊರಗೆ ಬೆಂಚಿನ ಮೇಲೆ ಲೀನಾ ಕೇಳಿದಳು, “ಆ ಸೊಪ್ಪು ಎಂದರೆ ರೋಗವೇ?”

“ಹೌದವ್ವಾ.”

“ನನಗೆ ರೋಗ ಎಂದು ಎಲ್ಲರಿಗೂ ಹೇಳಿದಿರಾ?”

ಮುದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಲೀನಾ ಬೈಯಲಿಲ್ಲ. “ನನ್ನನ್ನು ಒಂದು ಮಾತು ಕೇಳಲಿಲ್ಲ ಅತ್ತೆ” ಎಂದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಕೆಲವು ದಿನ ಕಳೆದು ಮಗು ಮನೆಗೆ ಬಂತು. ಬಂದ ಕೂಡಲೇ ಮುದ್ದಮ್ಮ ಸೊಪ್ಪು ಬಿಚ್ಚಿ ಬಾಳೆಯ ಬುಡಕ್ಕೆ ಹಾಕಿದಳು. ಗೇಟು ತೆರೆದಿಟ್ಟಳು. ಹಿತ್ತಲ ಬಾಗಿಲು ತೆರೆದಿಟ್ಟಳು. ಯಾರೂ ಬರಲಿಲ್ಲ. ವಿಷಯ ಕಡೂರಿನವರೆಗೂ ಹಬ್ಬಿತ್ತು. ಬೈಯಲಾದರೂ ಒಬ್ಬರು ಬರಬಾರದೇ ಎಂದು ಮುದ್ದಮ್ಮ ಕಾದಳು. ಎದುರು ಮನೆಯ ರಜನಿ ನಕ್ಕು ಮಾತಾಡಿಸುತ್ತಿದ್ದಳು, ಆದರೆ ಅವಳೂ ರಸ್ತೆಯ ಆಚೆಯಿಂದಲೇ. ಬೆಳಿಗ್ಗೆ ಮುದ್ದಮ್ಮ ಅಭ್ಯಾಸಬಲದಿಂದ ಪಾತ್ರೆ ತುಂಬ ಕಾಫಿ ಕಾಯಿಸುತ್ತಿದ್ದಳು, ಮಧ್ಯಾಹ್ನ ಅದನ್ನು ಚೆಲ್ಲುತ್ತಿದ್ದಳು. ಲೀನಾ ನೋಡುತ್ತಿದ್ದಳು. ಒಂದು ದಿನ ಅವಳೇ ಶಶಿಕಿರಣನ ಹತ್ತಿರ, “ಈ ಮನೆ ಇಷ್ಟು ಮೌನ ಇರಬಾರದು” ಎಂದದ್ದು ಮುದ್ದಮ್ಮನಿಗೆ ಕೇಳಿಸಿತು. ಕೇಳಿ ಅಳು ಬಂತು.

ಒಂದು ಬೆಳಿಗ್ಗೆ ಬಸ್ಸು ನಿಂತ ಸದ್ದಾಯಿತು. ಮುದ್ದಮ್ಮ ಕೈಯಲ್ಲಿದ್ದದ್ದನ್ನು ಬಿಟ್ಟು ಅಂಗಳಕ್ಕೆ ಬಂದಳು. ಕಲ್ಲಮ್ಮ ಇಳಿದು ಬಂದಳು. ಗೇಟು ಹಾರುಹೊಡೆದಿತ್ತು. ಆದರೂ ಅವಳು ಒಳಗೆ ಕಾಲಿಡಲಿಲ್ಲ. ಸೆರಗನ್ನು ಬಾಯಿಗೂ ಮೂಗಿಗೂ ಸುತ್ತಿಕೊಂಡು ಹೊರಗೇ ನಿಂತು, ಅಪರಿಚಿತರ ಮನೆಯ ಮುಂದೆ ನಿಂತವಳ ಹಾಗೆ ಕೇಳಿದಳು.

“ಮುದ್ದೀ, ಒಳಗೆ ಬರಬಹುದೇನೇ?”

ಮುದ್ದಮ್ಮ ಅಂಗಳದಲ್ಲೇ ಕೂತುಬಿಟ್ಟಳು. “ಅಕ್ಕಾ, ನೀನು ಹಾಗೆ ಕೇಳಬೇಡ. ನೀನೂ ಕೇಳಬೇಕೇನೇ?”

“ಅವತ್ತು ಕೇಳದೇ ಬಂದಿದ್ದೆ” ಎಂದಳು ಕಲ್ಲಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. “ನೀನು ಕಿಟಕೀಲಿ ನಿಂತಿದ್ದೆ. ನಾನು ನೋಡಿದೆ. ಅದಕ್ಕೇ ಈಗ ಕೇಳ್ತಿದೀನಿ.”

ಮುದ್ದಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವಳ ಹಿಂದಿನಿಂದ ಲೀನಾ ಮುಂದೆ ಬಂದಳು. ಗೇಟಿನವರೆಗೆ ಹೋಗಿ ಕಲ್ಲಮ್ಮನ ಕೈಯಿಂದ ಚೀಲ ತೆಗೆದುಕೊಂಡಳು.

“ಮುಂದಿನ ಬಾಗಿಲು ಬೇಡ ದೊಡ್ಡಮ್ಮ” ಎಂದಳು. “ಹಿಂದಿನಿಂದ ಬನ್ನಿ. ಕೈ ತೊಳೆಯಲು ಬಿಸಿನೀರು ಅಲ್ಲೇ ಇದೆ.”

ಕಲ್ಲಮ್ಮ ಗೇಟು ದಾಟಿ ಬಂದು ತಂಗಿಯ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ಲೀನಾಳ ಹಿಂದೆ ಹಿತ್ತಲ ಕಡೆಗೆ ನಡೆದರು.